ಮಾದರಿಯ ನಂಬಿಕೆ: ಜೈವಿಕ ಭಂಡಾರಗಳ ಗುಣಮಟ್ಟ ಖಾತರಿ, ಮಾನ್ಯತೆ ಮತ್ತು ಚಿತ್ರದುರ್ಗ ಜಿಲ್ಲೆ

ಭೀಮಸಮುದ್ರದ ಅಡಿಕೆ ಮಂಡಿಯಲ್ಲಿ ಖರೀದಿದಾರನು ಚೀಲದಿಂದ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿಕೊಂಡು ರಾಶಿ, ಬೆಟ್ಟೆ, ಅಪಿ, ಕೆಂಪುಗೋಟು ಎಂದು ವಿಂಗಡಿಸುತ್ತಾನೆ. ಆ ಹಿಡಿಯ ಮೇಲೆಯೇ ಇಡೀ ಲಾಟಿನ ಧಾರಣೆ ನಿರ್ಧಾರವಾಗುತ್ತದೆ. ಚೀಲದ ಬಾಯಿಯಲ್ಲಿ ಒಂದು, ತಳದಲ್ಲಿ ಇನ್ನೊಂದು ಇದ್ದರೆ ಆ ವರ್ತಕನ ಮಾತಿಗೆ ಮುಂದಿನ ವಾರ ಬೆಲೆಯಿಲ್ಲ. ಶೇಂಗಾ ವ್ಯಾಪಾರದಲ್ಲಿಯೂ ತೇವಾಂಶ ಅಳೆಯುವ ಮುನ್ನ ಮಾದರಿ ಎಲ್ಲಿಂದ ತೆಗೆಯಲಾಯಿತೆಂಬುದೇ ಮೊದಲ ಪ್ರಶ್ನೆ. ಮಾದರಿ ಪ್ರಾಮಾಣಿಕವಾಗಿರಬೇಕೆಂಬುದನ್ನು ಈ ಜಿಲ್ಲೆಯ ವರ್ತಕರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ವೈದ್ಯಕೀಯ ಸಂಶೋಧನೆಯಲ್ಲಿ ಇಂದು ಎದುರಾಗಿರುವುದೂ ಇದೇ ಪ್ರಶ್ನೆ. ಅಲ್ಲಿ ಮಾದರಿಯೆಂದರೆ ಮನುಷ್ಯನ ರಕ್ತ, ಮೂತ್ರ, ಅಂಗಾಂಶ, ಡಿಎನ್‌ಎ; ಅವುಗಳನ್ನು ವರ್ಷಗಟ್ಟಲೆ ಕಾಪಾಡುವ ಉಗ್ರಾಣಕ್ಕೆ ಬಯೋಬ್ಯಾಂಕ್ ಅಥವಾ ಜೈವಿಕ ಭಂಡಾರವೆಂದು ಹೆಸರು.

ಇದನ್ನು ರಕ್ತನಿಧಿಯೊಡನೆ ಗೊಂದಲ ಮಾಡಿಕೊಳ್ಳುವವರು ಅನೇಕರು. ರಕ್ತನಿಧಿಯ ರಕ್ತ ಕೆಲವೇ ವಾರಗಳಲ್ಲಿ ಒಬ್ಬ ರೋಗಿಯ ದೇಹ ಸೇರತಕ್ಕದ್ದು. ಅದಕ್ಕೆ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ಪರವಾನಗಿ ಕಡ್ಡಾಯ. ಜೈವಿಕ ಭಂಡಾರದ ಮಾದರಿ ಯಾರ ಚಿಕಿತ್ಸೆಗೂ ಹೋಗುವುದಿಲ್ಲ. ಅದರ ಜೊತೆಗೆ ಕೊಟ್ಟವರ ವಯಸ್ಸು, ಊರು, ಆಹಾರ, ರೋಗಚರಿತ್ರೆ ಮುಂತಾದ ಮಾಹಿತಿಯನ್ನು ಸಂಕೇತ ಸಂಖ್ಯೆಯಡಿ ಇಟ್ಟು, ಐದೋ ಹದಿನೈದೋ ವರ್ಷಗಳ ನಂತರ ಇನ್ನೂ ಯಾರೂ ಕೇಳದಿರುವ ಪ್ರಶ್ನೆಗೆ ಉತ್ತರ ಹುಡುಕಲು ಕಾಯ್ದಿರಿಸಲಾಗುತ್ತದೆ.

ಕರ್ನಾಟಕಕ್ಕೆ ಈ ವಿಷಯ ಹೊಸದೇನಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ 1995ರಲ್ಲಿ ಮಾನವ ಮಿದುಳು ಭಂಡಾರ ಸ್ಥಾಪನೆಯಾಯಿತು. ದಾನವಾಗಿ ಬಂದ ಮಿದುಳುಗಳನ್ನು ಫಾರ್ಮಲಿನ್‌ನಲ್ಲಿಯೂ ಅತಿಶೀತದಲ್ಲಿಯೂ ಅಲ್ಲಿ ಸಂರಕ್ಷಿಸಲಾಗುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಕಥೆ ಉದ್ಯಮಿಗಳಿಗೆ ಇನ್ನೂ ಹತ್ತಿರದ್ದು. ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್ 2014ರಲ್ಲಿ ಹತ್ತು ವರ್ಷಗಳ ಅವಧಿಗೆ 225 ಕೋಟಿ ರೂ. ನೀಡಲು ಒಪ್ಪಿದ್ದರಿಂದ ಆ ಕೇಂದ್ರ ಮೈದಳೆಯಿತು. ಅದೇ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮೀರಿದ ಗ್ರಾಮಸ್ಥರ ಮರೆವು ಮತ್ತು ವೃದ್ಧಾಪ್ಯವನ್ನು ದೀರ್ಘಕಾಲ ಅಧ್ಯಯನ ಮಾಡುತ್ತಿದೆ. 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ದೇಶದಾದ್ಯಂತ ಸಂಗ್ರಹಿಸಿದ ಸುಮಾರು 20,000 ರಕ್ತದ ಮಾದರಿಗಳ ಭಂಡಾರವೂ ಅಲ್ಲಿಯೇ ಇದೆ. ಅವುಗಳ ಪೈಕಿ ಸುಮಾರು 10,000 ಜನರ ಪೂರ್ಣ ವಂಶವಾಹಿ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ಮುಕ್ತಗೊಳಿಸಲಾಯಿತು.

ಶ್ರೀನಿವಾಸಪುರದ ರೈತನ ರಕ್ತ ಬೆಂಗಳೂರಿನಲ್ಲಿ ಭದ್ರವಾಗಿರಬಹುದಾದರೆ ಹೊಳಲ್ಕೆರೆಯ ಅಥವಾ ಹೊಸದುರ್ಗದ ರೈತನದೂ ಇರಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಉತ್ತರ ಶೀತಲ ಪೆಟ್ಟಿಗೆಯ ಬೆಲೆಯಲ್ಲಿಲ್ಲ, ಅದರ ಸುತ್ತಲಿನ ಶಿಸ್ತಿನಲ್ಲಿದೆ.

ಶೀತಲ ಪೆಟ್ಟಿಗೆ ಸುಳ್ಳು ಹೇಳಿದಾಗ

2012ರ ಮೇ ತಿಂಗಳ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ಸಮೀಪದ ಮೆಕ್‌ಲೀನ್ ಆಸ್ಪತ್ರೆಯಲ್ಲಿರುವ ಹಾರ್ವರ್ಡ್ ಮಿದುಳು ಭಂಡಾರದಲ್ಲಿ ಒಂದು ಶೀತಲ ಪೆಟ್ಟಿಗೆಯನ್ನು ತೆರೆದ ಸಿಬ್ಬಂದಿ ದಂಗಾದರು. ಹೊರಗಿನ ಫಲಕ ಸೊನ್ನೆಗಿಂತ 79 ಡಿಗ್ರಿ ಕೆಳಗೆಂದು ತೋರಿಸುತ್ತಿತ್ತು. ಒಳಗೆ ಮನೆಯ ಫ್ರಿಜ್ಜಿನಷ್ಟೇ ತಂಪು. ಎರಡು ಪ್ರತ್ಯೇಕ ಎಚ್ಚರಿಕೆ ಗಂಟೆಗಳಿದ್ದವು, ಎರಡೂ ಬಾರಿಸಲಿಲ್ಲ. ದಿನಕ್ಕೆ ಎರಡು ಬಾರಿ ಸಿಬ್ಬಂದಿ ಬಂದು ನೋಡಿ ಹೋಗುತ್ತಿದ್ದರು. ನೋಡುತ್ತಿದ್ದುದು ಹೊರಗಿನ ಫಲಕವನ್ನು ಮಾತ್ರ. ಸುಮಾರು 150 ಮಿದುಳುಗಳು ಹಾನಿಗೊಂಡವು. ಅವುಗಳಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಆಟಿಸಂ ಸಂಶೋಧನೆಗೆಂದು ಕುಟುಂಬದವರು ದುಃಖದ ಗಳಿಗೆಯಲ್ಲಿ ದಾನ ಕೊಟ್ಟಿದ್ದವು.

ಸ್ವೀಡನ್ನಿನ ಪ್ರಸಿದ್ಧ ಕರೋಲಿನ್ಸ್ಕಾ ಸಂಸ್ಥೆಯಲ್ಲಿ 2023ರ ಕ್ರಿಸ್ಮಸ್ ರಜೆಯಲ್ಲಿ ನಡೆದದ್ದು ಇನ್ನೊಂದು ಬಗೆ. 16 ಅತಿಶೀತ ತೊಟ್ಟಿಗಳಿಗೆ ದ್ರವ ಸಾರಜನಕದ ಪೂರೈಕೆ ನಿಂತುಹೋಯಿತು. ಪೂರೈಕೆಯಿಲ್ಲದೆ ನಾಲ್ಕು ದಿನ ತಡೆಯಬಲ್ಲ ತೊಟ್ಟಿಗಳು ಐದು ದಿನ ಹಾಗೆಯೇ ಉಳಿದವು. ದಶಕಗಳಿಂದ ಕೂಡಿಟ್ಟ ರಕ್ತಕ್ಯಾನ್ಸರ್ ಮಾದರಿಗಳು ನಾಶವಾದವು. ಹಬ್ಬದ ಸಾಲು ರಜೆಯಲ್ಲಿ ಗೋದಾಮಿನ ಬೀಗ ಯಾರ ಬಳಿಯಿದೆಯೆಂದು ಹುಡುಕಾಡಿದ ಅನುಭವವಿರುವ ಯಾವ ವರ್ತಕನಿಗೂ ಈ ಘಟನೆ ಅಪರಿಚಿತವೆನಿಸದು. ಈ ಎರಡು ಸಂಸ್ಥೆಗಳಿಗೂ ಹಣದ ಕೊರತೆಯಿರಲಿಲ್ಲ, ಉಪಕರಣಗಳ ಕೊರತೆಯೂ ಇರಲಿಲ್ಲ.

ಆದರೂ ಇವು ಸುದ್ದಿಯಾಗುವ ಅವಘಡಗಳು. ಸುದ್ದಿಯಾಗದೆ, ಯಾರ ಗಮನಕ್ಕೂ ಬಾರದೆ ಕೆಡುವ ಮಾದರಿಗಳೇ ಬಹಳ. ಅವು ಕೆಡುವುದು ಶೀತಲ ಪೆಟ್ಟಿಗೆ ಸೇರುವ ಮೊದಲೇ.

ಹೊಸದುರ್ಗದಿಂದ ಹೊರಟ ನಳಿಕೆ

ರಕ್ತ ನಳಿಕೆಗೆ ಬಂದ ಮೇಲೂ ಅದರ ಕಣಗಳು ಜೀವಂತ. ಅವು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಕಣಗಳನ್ನು ಬೇರ್ಪಡಿಸದೆ ಸಾಮಾನ್ಯ ಉಷ್ಣಾಂಶದಲ್ಲಿ ಬಿಟ್ಟರೆ ಗಂಟೆಗೆ ಶೇ. 5ರಿಂದ 7ರಷ್ಟು ಗ್ಲೂಕೋಸ್ ಇಳಿಯುತ್ತದೆ. ಬೆಳಿಗ್ಗೆ ಹಳ್ಳಿಯ ಶಿಬಿರದಲ್ಲಿ ತೆಗೆದ ರಕ್ತ ಮಧ್ಯಾಹ್ನದ ಬಸ್ಸಿನಲ್ಲಿ ಪಟ್ಟಣ ಸೇರುವಷ್ಟರಲ್ಲಿ ಮಧುಮೇಹಿಯೊಬ್ಬ ಕಾಗದದ ಮೇಲೆ ಆರೋಗ್ಯವಂತನಾಗಿರಬಹುದು. ಹಾಗೆಂದು ಕಾಳಜಿಯಿಂದ ಇಡೀ ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟರೆ ಬೇರೊಂದು ತೊಡಕು: ಚಳಿಗೆ ಕಣದ ಪೊರೆಯ ಪಂಪು ನಿಧಾನವಾಗಿ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ವರದಿಯಲ್ಲಿ ಇಲ್ಲದ ಅಪಾಯ ಕಾಣಿಸಿಕೊಳ್ಳುತ್ತದೆ. ಆರ್‌ಎನ್‌ಎ ಎಂಬ ಅಣುವಂತೂ ಬಹು ಸೂಕ್ಷ್ಮ. ಡಿಎನ್‌ಎ ತಕ್ಕಮಟ್ಟಿಗೆ ಗಟ್ಟಿ. ಆದ್ದರಿಂದ ಒಂದೇ ನಳಿಕೆ ಒಂದು ಅಧ್ಯಯನಕ್ಕೆ ಚಿನ್ನ, ಇನ್ನೊಂದಕ್ಕೆ ಕಸ.

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂತಿಯ ವಿಷಯ ಇನ್ನೂ ಗಂಭೀರ. ಸ್ತನ ಕ್ಯಾನ್ಸರಿನ ಗಂತಿಯನ್ನು ದೇಹದಿಂದ ಬೇರ್ಪಡಿಸಿದ ಒಂದು ಗಂಟೆಯೊಳಗೆ ಶೇ. 10ರ ತಟಸ್ಥ ಫಾರ್ಮಲಿನ್‌ಗೆ ಹಾಕಬೇಕು, 6 ಗಂಟೆಗೆ ಕಡಿಮೆಯಿಲ್ಲದಂತೆ, 72 ಗಂಟೆ ಮೀರದಂತೆ ಅದರಲ್ಲಿಡಬೇಕು ಎಂಬುದು ಅಂತಾರಾಷ್ಟ್ರೀಯ ಮಾರ್ಗಸೂಚಿ. ತಾಲ್ಲೂಕು ಕೇಂದ್ರದ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಶನಿವಾರ ಸಂಜೆ ತೆಗೆದ ಗಂತಿ, ಕಾಲವನ್ನು ಬರೆದಿಡದ ಡಬ್ಬಿಯಲ್ಲಿ, ಎಷ್ಟು ಹಳೆಯದೆಂದು ತಿಳಿಯದ ಫಾರ್ಮಲಿನ್‌ನಲ್ಲಿ ಮಂಗಳವಾರದವರೆಗೆ ಕುಳಿತರೆ ಹಾರ್ಮೋನ್ ಪರೀಕ್ಷೆಯ ಫಲ ತಪ್ಪಾಗಬಹುದು. ತಪ್ಪು ಫಲವೆಂದರೆ ಆ ಮಹಿಳೆಗೆ ಸಲ್ಲಬೇಕಾದ ಮಾತ್ರೆ ಸಲ್ಲದೆ ಹೋಗುವುದು. ಸಂಶೋಧನೆಯ ಮಾತು ಆಮೇಲಿನದು.

ಈ ಕಾರಣದಿಂದಲೇ ಜೈವಿಕ ಭಂಡಾರಗಳ ಅಂತಾರಾಷ್ಟ್ರೀಯ ಸಂಘಟನೆ ಪ್ರತಿ ಮಾದರಿಗೂ ಏಳು ಅಂಶಗಳ ಒಂದು ಸಂಕೇತವನ್ನು ರೂಪಿಸಿದೆ: ಎಂಥ ಮಾದರಿ, ಎಂಥ ನಳಿಕೆ, ಬೇರ್ಪಡಿಸುವ ಮೊದಲು ಎಷ್ಟು ಹೊತ್ತು ಕಾಯಿತು, ಹೇಗೆ ತಿರುಗಿಸಲಾಯಿತು, ಹೇಗೆ ಶೇಖರಿಸಲಾಯಿತು ಎಂಬ ವಿವರಗಳು ಅದರಲ್ಲಿ ಅಡಕ. ತಡವಾಗುವುದು ಅಪರಾಧವಲ್ಲ. ತಡವಾದದ್ದನ್ನು ಬರೆದಿಡದಿರುವುದೇ ದೋಷ. ಆರು ಗಂಟೆ ಕಾಯ್ದ ಮಾದರಿಯೆಂದು ತಿಳಿದರೆ ಸಂಶೋಧಕನು ಅದನ್ನು ಡಿಎನ್‌ಎ ಕೆಲಸಕ್ಕೆ ಬಳಸುತ್ತಾನೆ, ಸಕ್ಕರೆಯ ಅಧ್ಯಯನದಿಂದ ಕೈಬಿಡುತ್ತಾನೆ.

ಪ್ರಮಾಣಪತ್ರವೇ ಬೇರೆ, ಮಾನ್ಯತೆಯೇ ಬೇರೆ

ಗಿರಣಿಗಳ ಗೋಡೆಯ ಮೇಲೆ ಐಎಸ್‌ಒ 9001 ಪ್ರಮಾಣಪತ್ರ ಕಂಡವರಿಗೆ ಮಾನ್ಯತೆಯೆಂದರೂ ಅದೇ ಎಂಬ ಭಾವನೆ. ವ್ಯತ್ಯಾಸ ಸಣ್ಣದಲ್ಲ. ಪ್ರಮಾಣಪತ್ರವು ಸಂಸ್ಥೆಯೊಂದರಲ್ಲಿ ಕ್ರಮಬದ್ಧ ವ್ಯವಸ್ಥೆಯಿದೆ ಎಂದು ಹೇಳುತ್ತದೆ. ಮಾನ್ಯತೆಯು ನಿರ್ದಿಷ್ಟ ಕೆಲಸವನ್ನು ಮಾಡುವ ತಾಂತ್ರಿಕ ಸಾಮರ್ಥ್ಯ ಅಲ್ಲಿನ ಕೈಗಳಿಗಿದೆ ಎಂದು ಸಾಕ್ಷಿ ಹೇಳುತ್ತದೆ. ಅದೇ ಕೆಲಸದಲ್ಲಿ ನುರಿತ ಪರಿಶೀಲಕರು ಬಂದು ಕೆಲಸ ಮಾಡಿಸಿ ನೋಡಿದ ಮೇಲೆ ಮಾತ್ರ ಅದು ದೊರೆಯುತ್ತದೆ. ವೈದ್ಯಕೀಯ ಪ್ರಯೋಗಾಲಯಗಳಿಗೆ ಐಎಸ್‌ಒ 15189 ಮಾನಕವಿದೆ. ಜೈವಿಕ ಭಂಡಾರಗಳಿಗೆ ಪ್ರತ್ಯೇಕ ಮಾನಕ ಬಹುಕಾಲ ಇರಲಿಲ್ಲ. ಅಮೆರಿಕದ ರೋಗಶಾಸ್ತ್ರಜ್ಞರ ಕಾಲೇಜು 2010ರ ದಶಕದ ಆರಂಭದಲ್ಲಿ ತನ್ನದೇ ಯೋಜನೆಯನ್ನು ತಂದಿತ್ತು. 2018ರ ಆಗಸ್ಟ್‌ನಲ್ಲಿ ಐಎಸ್‌ಒ 20387 ಪ್ರಕಟವಾದ ಮೇಲೆ ಜಗತ್ತಿಗೆಲ್ಲ ಒಂದೇ ಅಳತೆಗೋಲು ದೊರೆಯಿತು. ಭಾರತದಲ್ಲಿ ಇದರನ್ವಯ ಮಾನ್ಯತೆ ನೀಡುವುದು ಭಾರತೀಯ ಗುಣಮಟ್ಟ ಪರಿಷತ್ತಿನ ಅಂಗವಾದ ಎನ್‌ಎಬಿಎಲ್.

ಈ ಮಾನಕದ ಕೇಂದ್ರದಲ್ಲಿರುವುದು ಉದ್ದೇಶಕ್ಕೆ ತಕ್ಕ ಮಾದರಿ ಎಂಬ ತತ್ತ್ವ. ಮಾದರಿ ಅತ್ಯುತ್ತಮವಾಗಿರಬೇಕೆಂದು ಅದು ಹೇಳುವುದಿಲ್ಲ. ಯಾವ ಉದ್ದೇಶಕ್ಕೆ ಇಟ್ಟದ್ದೋ ಅದಕ್ಕೆ ಯೋಗ್ಯವೆಂದು ತೋರಿಸಬೇಕೆನ್ನುತ್ತದೆ. ನಳಿಕೆ ಯಾರ ಕೈಯಿಂದ ಯಾರ ಕೈಗೆ, ಯಾವ ಹೊತ್ತಿಗೆ ಹೋಯಿತೆಂಬ ಅಖಂಡ ದಾಖಲೆ, ತಾಪಮಾಪಕಗಳ ಕ್ಯಾಲಿಬ್ರೇಷನ್, ಸಿಬ್ಬಂದಿಯ ಸಾಮರ್ಥ್ಯದ ನಿಯತ ಪರೀಕ್ಷೆ, ಕೆಟ್ಟದ್ದನ್ನು ಮುಚ್ಚಿಡದೆ ದಾಖಲಿಸುವ ಪದ್ಧತಿ, ನಿಷ್ಪಕ್ಷಪಾತ, ಗೋಪ್ಯತೆ ಇವೆಲ್ಲ ಅದರ ವ್ಯಾಪ್ತಿಯಲ್ಲಿವೆ. ಒಂದು ಷರತ್ತು ವಾಣಿಜ್ಯ ವಲಯಕ್ಕೆ ವಿಶೇಷವಾಗಿ ಗಮನಾರ್ಹ: ಭಂಡಾರವು ತನ್ನ ಆರ್ಥಿಕ ಬಾಳಿಕೆಗೆ ಒಂದು ಯೋಜನೆಯನ್ನು ಹೊಂದಿರಬೇಕು. ಮೂರು ವರ್ಷದ ಅನುದಾನ ಮುಗಿದ ಮೇಲೆ ಮೂವತ್ತು ವರ್ಷದ ಮಾದರಿಗಳಿಗೆ ವಿದ್ಯುತ್ ಬಿಲ್ಲು ಕಟ್ಟುವವರಾರು ಎಂಬುದೇ ಅಲ್ಲಿನ ಪ್ರಶ್ನೆ. ವಿಜ್ಞಾನಿಗಳು ಬರೆದ ಮಾನಕದಲ್ಲಿ ಲೆಕ್ಕಿಗನ ಈ ಪ್ರಶ್ನೆ ಸ್ಥಾನ ಪಡೆದದ್ದು ಸಮಾಧಾನದ ಸಂಗತಿ.

ಎನ್‌ಎಬಿಎಲ್ ಮಾನ್ಯತೆ ಐಚ್ಛಿಕ. ಖಾಸಗಿ ಪ್ರಯೋಗಾಲಯಗಳಿಗೆ ಕಡ್ಡಾಯವಾದುದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾತ್ರ. ಐಚ್ಛಿಕವೆಂಬ ಕಾರಣಕ್ಕೆ ಸಣ್ಣ ಪಟ್ಟಣಗಳ ಪ್ರಯೋಗಾಲಯಗಳು ದೂರ ಉಳಿಯುತ್ತಿದ್ದುದರಿಂದ, ಮೂಲಭೂತ ಪರೀಕ್ಷೆಗಳನ್ನಷ್ಟೇ ನಡೆಸುವ ಸಣ್ಣ ಪ್ರಯೋಗಾಲಯಗಳಿಗಾಗಿ ಎನ್‌ಎಬಿಎಲ್ 2019ರಲ್ಲಿ ಸರಳವಾದ ಪ್ರವೇಶ ಹಂತದ ಯೋಜನೆಯನ್ನು ಆರಂಭಿಸಿತು. ಹಿರಿಯೂರು, ಹೊಳಲ್ಕೆರೆಗಳಂಥ ಊರುಗಳಲ್ಲಿ ನಾಲ್ಕೈದು ಸಿಬ್ಬಂದಿಯೊಡನೆ ನಡೆಯುವ ಪ್ರಯೋಗಾಲಯಕ್ಕೆ ಮೊದಲ ಮೆಟ್ಟಿಲು ಇದೇ. ಮೊದಲ ದಿನವೇ ಜೈವಿಕ ಭಂಡಾರದ ಕನಸು ಕಾಣುವುದಕ್ಕಿಂತ, ಬೇರೆಡೆಯ ಭಂಡಾರಕ್ಕೆ ನಂಬಿಕೆಯ ಮಾದರಿ ಕಳುಹಿಸಬಲ್ಲ ಸಂಗ್ರಹ ಕೇಂದ್ರವಾಗುವುದು ಲಾಭಕ್ಕೂ ಕಾರ್ಯಕ್ಕೂ ಹೊಂದುವ ದಾರಿ.

ನೀರು ಬದಲಾಗುವ ಮುನ್ನ

ಚಿತ್ರದುರ್ಗ ಜಿಲ್ಲೆಗೆ ಇದರಲ್ಲಿ ತುರ್ತೇನಿದೆ ಎಂದು ಕೇಳಬಹುದು. ತುರ್ತಿದೆ, ಅದಕ್ಕೆ ಕಾರಣ ನೀರು.

ಜಿಲ್ಲೆಯ ಹಲವು ಭಾಗಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಇದನ್ನು ಮೀರಿದ ಕೊಳವೆಬಾವಿ ನೀರನ್ನು ಎರಡು ಮೂರು ದಶಕ ಕುಡಿದವರ ಹಲ್ಲು ಕಂದುಗಟ್ಟಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮೂಳೆಯೊಳಗೆ ಕೂಡಿದ್ದು ಕಾಣುವುದಿಲ್ಲ. ಈ ನಡುವೆ ನೀರಿನ ಮೂಲಗಳು ಬದಲಾಗುತ್ತಿವೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿ ವಿಲಾಸ ಸಾಗರವು 1933ರ ನಂತರ 2022ರಲ್ಲಿ ಕೋಡಿ ಬಿದ್ದಿತು, 2025ರ ಜನವರಿಯಲ್ಲಿ ಮತ್ತೊಮ್ಮೆ ಬಿದ್ದಿತು. ಭದ್ರಾ ಮೇಲ್ದಂಡೆ ಯೋಜನೆಗೆ 2023-24ರ ಕೇಂದ್ರ ಮುಂಗಡಪತ್ರದಲ್ಲಿ 5,300 ಕೋಟಿ ರೂ. ನೆರವು ಘೋಷಣೆಯಾಯಿತು. ಕೊಳವೆಬಾವಿಯ ನೀರನ್ನು ಬಿಟ್ಟು ನದಿಯ ನೀರಿಗೆ ಬರುವ ಪ್ರತಿ ಹಳ್ಳಿಯೂ ವೈದ್ಯವಿಜ್ಞಾನದ ಕಣ್ಣಿನಲ್ಲಿ ಒಂದು ಅಪರೂಪದ ಪ್ರಯೋಗ.

ನೀರು ಬದಲಾದ ಮೇಲೆ ಮೂತ್ರದಲ್ಲಿ ಫ್ಲೋರೈಡ್ ಬೇಗ ಇಳಿಯುತ್ತದೆ. ಮೂಳೆಯಿಂದ ಅದು ಹೊರಬೀಳಲು ವರ್ಷಗಳು ಬೇಕು. ಮೂತ್ರಪಿಂಡ, ಥೈರಾಯ್ಡ್, ಮಕ್ಕಳ ಬೆಳವಣಿಗೆ ಇವುಗಳ ಮೇಲೆ ಹಿಂದಿನ ನೀರಿನ ಪ್ರಭಾವ ಎಷ್ಟಿತ್ತು, ಹೊಸ ನೀರಿನಿಂದ ಎಷ್ಟು ಸರಿಹೋಯಿತು ಎಂದು ಹೇಳಬೇಕಾದರೆ ಬದಲಾವಣೆಗೆ ಮೊದಲಿನ ಮಾದರಿ ಕೈಯಲ್ಲಿರಬೇಕು. ನಲ್ಲಿಯಲ್ಲಿ ಹೊಸ ನೀರು ಬಂದ ಮರುದಿನ, ಹಿಂದಿನ ದಿನದ ಮೂತ್ರವನ್ನು ಯಾವ ಬೆಲೆಗೂ ಕೊಳ್ಳಲಾಗದು.

ಇಲ್ಲಿಯೂ ಗುಣಮಟ್ಟದ ವಿಷಯ ನುಣುಚಿಕೊಳ್ಳುವುದಿಲ್ಲ. ಫ್ಲೋರೈಡ್ ಅಧ್ಯಯನದ ಮಾದರಿಯನ್ನು ಗಾಜಿನಲ್ಲಿಡಬಾರದು, ಪ್ಲಾಸ್ಟಿಕ್ ಶೀಶೆಯೇ ಆಗಬೇಕು. ಫ್ಲೋರೈಡ್ ಗಾಜಿನೊಡನೆ ವರ್ತಿಸುತ್ತದೆ. ಇನ್ನೊಂದು ವಿಪರ್ಯಾಸವೂ ಉಂಟು. ಸಕ್ಕರೆ ಪರೀಕ್ಷೆಗೆ ರಕ್ತ ತೆಗೆಯುವ ಬೂದು ಮುಚ್ಚಳದ ನಳಿಕೆಯಲ್ಲಿ ಗ್ಲೂಕೋಸ್ ಉಳಿಸಲೆಂದು ಹಾಕಿರುವುದೇ ಸೋಡಿಯಂ ಫ್ಲೋರೈಡ್. ತಿಳಿಯದ ಸಿಬ್ಬಂದಿ ಆ ನಳಿಕೆಯಲ್ಲಿ ತೆಗೆದ ರಕ್ತವನ್ನು ಫ್ಲೋರೈಡ್ ಅಧ್ಯಯನಕ್ಕೆ ಕಳುಹಿಸಿದರೆ ಇಡೀ ಹಳ್ಳಿಯೇ ವಿಷ ಕುಡಿದಂತೆ ವರದಿ ಬಂದೀತು. ಉದ್ದೇಶಕ್ಕೆ ತಕ್ಕ ಮಾದರಿಯೆಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಜಿಲ್ಲೆಯಲ್ಲಿ ಆಧಾರ ಸಂಸ್ಥೆಗಳಿಗೆ ಕೊರತೆಯಿಲ್ಲ. ಚಿತ್ರದುರ್ಗದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜಿದೆ. ಸರ್ಕಾರಿ ವೈದ್ಯಕೀಯ ಕಾಲೇಜು 2023-24ನೇ ಸಾಲಿನಲ್ಲಿ ಆರಂಭವಾಗಿದೆ. ಲಸಿಕೆಗಾಗಿ 2ರಿಂದ 8 ಡಿಗ್ರಿಯ ಶೀತಲ ಸರಪಳಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳವರೆಗೆ ಕಾಪಾಡಿಕೊಂಡು ಬಂದ ಅನುಭವ ಆರೋಗ್ಯ ಇಲಾಖೆಯ ಸಿಬ್ಬಂದಿಗಿದೆ. ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 200 ಕಿ.ಮೀ. ಮಾತ್ರ. ಹಿರಿಯೂರು ಅದೇ ಹೆದ್ದಾರಿಯ ಮೇಲಿದೆ.

ಗೋದಾಮಿನ ರಸೀದಿ

ಉದ್ಯಮಿಗಳ ಪಾಲು ಎಲ್ಲಿದೆ? ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಶೀತಲ ಪೆಟ್ಟಿಗೆಯ ಹಳೆಯ ಮಾದರಿಯೊಂದು ದಿನಕ್ಕೆ 15ರಿಂದ 20 ಯೂನಿಟ್ ವಿದ್ಯುತ್ ಬೇಡುತ್ತದೆ. ಬೆಸ್ಕಾಂ ಪೂರೈಕೆ ನಿಂತರೆ ಡೀಸೆಲ್ ಜನರೇಟರ್ ತಾನಾಗಿ ಹೊತ್ತಿಕೊಳ್ಳಬೇಕು. ಹೊತ್ತಿಕೊಳ್ಳದಿದ್ದರೆ ಯಾರದಾದರೂ ದೂರವಾಣಿ ಮೊಳಗಬೇಕು. ಉಷ್ಣಾಂಶ ದಾಖಲಿಸುವ ಲಾಗರುಗಳು, ಅವುಗಳ ಕ್ಯಾಲಿಬ್ರೇಷನ್, ಒಣ ಮಂಜುಗಡ್ಡೆ ಮತ್ತು ದ್ರವ ಸಾರಜನಕದ ಪೂರೈಕೆ, ಉಷ್ಣನಿರೋಧಕ ಪೆಟ್ಟಿಗೆಗಳು, ಬಾರ್‌ಕೋಡ್ ಚೀಟಿಗಳು, ನಂಬಿಗಸ್ತ ಸಾಗಣೆ: ಒಂದೊಂದೂ ವ್ಯವಹಾರ. ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ಜತನ ಮಾಡುವ ತಾಂತ್ರಿಕರು ಇರುವ ಜಿಲ್ಲೆಗೆ ಈ ಕೆಲಸ ಎಟುಕದ್ದೇನಲ್ಲ. ಸಾಮಾನ್ಯ ಪಾರ್ಸೆಲ್ಲಿನೊಡನೆ ಬಸ್ಸಿನ ಟಾಪಿನಲ್ಲಿ ಹೋಗುವ ಡಬ್ಬಿಗೂ ಲಾಗರ್ ಇರಿಸಿ ಹೊತ್ತು ನಮೂದಿಸಿ ಹೋಗುವ ಡಬ್ಬಿಗೂ ದರದಲ್ಲಿ ವ್ಯತ್ಯಾಸವಿರುವುದು ನ್ಯಾಯವೇ.

ಆದರೆ ಇದೊಂದು ಸರಕಿನ ವ್ಯಾಪಾರವೆಂದು ಭಾವಿಸಿದಲ್ಲಿ ತಪ್ಪಾದೀತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯ ಪ್ರಕಾರ ಮಾದರಿಯ ಒಡೆತನ ಕೊಟ್ಟವನದು. ಭಂಡಾರ ಕೇವಲ ಪಾಲಕ. ವರ್ತಕರು ಇದನ್ನು 2007ರ ಉಗ್ರಾಣ ಕಾಯ್ದೆಯಡಿ ನೋಂದಾಯಿತ ಗೋದಾಮಿಗೆ ಹೋಲಿಸಬಹುದು. ರೈತನ ಮೆಕ್ಕೆಜೋಳ ಗೋದಾಮಿನಲ್ಲಿದ್ದರೂ ರೈತನದೇ. ಕೈಯಲ್ಲಿ ರಸೀದಿ ಇರುತ್ತದೆ, ಬೇಕೆಂದಾಗ ಹಿಂದಕ್ಕೆ ಪಡೆಯಬಹುದು. ಮಾದರಿ ಕೊಟ್ಟವನೂ ಹಿಂದೆ ಸರಿಯಬಹುದು. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ: ರಸೀದಿಯನ್ನು ಮಾರಬಹುದು, ಸಮ್ಮತಿಯನ್ನು ಮಾರಲಾಗದು. ಯಾವುದಕ್ಕೆ ಬಳಸುತ್ತಾರೆ, ಮುಂದೆ ಬೇರೆ ಕೆಲಸಕ್ಕೆ ಬಳಸಬಹುದೇ, ಕಾಯಿಲೆಯ ಸುಳಿವು ಸಿಕ್ಕರೆ ತಿಳಿಸುತ್ತಾರೆಯೇ, ಲಾಭ ಬಂದರೆ ಸಮುದಾಯಕ್ಕೇನು ಎಂಬುದನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ ಹೇಳಿ ನೈತಿಕ ಸಮಿತಿಯ ಒಪ್ಪಿಗೆಯೊಡನೆ ಸಹಿ ಅಥವಾ ಸಾಕ್ಷಿಯ ಮುಂದೆ ಹೆಬ್ಬೆಟ್ಟು ಪಡೆಯಬೇಕು. ಇಂಗ್ಲಿಷ್ ನಮೂನೆಯನ್ನು ಶಬ್ದಶಃ ತರ್ಜುಮೆ ಮಾಡಿದ ಕಾಗದಗಳು ಈ ಕೆಲಸಕ್ಕೆ ನಿರುಪಯುಕ್ತ. ಅದನ್ನು ಓದಿದವನಿಗೆ ರಕ್ತ ಕೊಡುವುದಕ್ಕಿಂತ ಓದುವುದೇ ಕಷ್ಟ. ವಿದೇಶಕ್ಕೆ ಮಾದರಿ ಕಳುಹಿಸುವ ಜಂಟಿ ಸಂಶೋಧನೆಯಾದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಅನುಮತಿಯೂ ಬೇಕು.

ವೆಚ್ಚದ ಲೆಕ್ಕ ಹಾಕುವ ಮೊದಲು ಮಾಡಬಹುದಾದ ಪರೀಕ್ಷೆಯೊಂದಿದೆ, ಅದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಹತ್ತು ನಳಿಕೆಗಳಲ್ಲಿ ಬರಿಯ ನೀರು ತುಂಬಿ, ಪೆಟ್ಟಿಗೆಯ ನಡುವೆ ಒಂದು, ಮೂಲೆಯಲ್ಲಿ ಒಂದರಂತೆ ಲಾಗರ್ ಇಟ್ಟು, ಹೊಸದುರ್ಗದಿಂದ ಹಿರಿಯೂರಿನ ಮಾರ್ಗವಾಗಿ ಬೆಂಗಳೂರಿಗೆ ಎಂದಿನ ವಾಹನದಲ್ಲಿಯೇ ಕಳುಹಿಸುವುದು. ತಲುಪಿದ ಮೇಲೆ ಲಾಗರಿನ ಗೆರೆಯನ್ನು ಬಿಡಿಸಿ ನೋಡಿದರೆ ಎಲ್ಲಿ ವಾಹನ ಬಿಸಿಲಿಗೆ ನಿಂತಿತು, ಎಷ್ಟು ಹೊತ್ತು ನಿಂತಿತು, ಮೂಲೆಯ ನಳಿಕೆ ಎಷ್ಟು ಡಿಗ್ರಿಗೆ ಏರಿತು ಎಂಬುದು ಕಾಣುತ್ತದೆ. ಸಾಗಣೆ ವಿಧಾನದ ದೃಢೀಕರಣವೆಂದು ಪರಿಶೀಲಕರು ಕೇಳುವ ಕಡತದ ಮೊದಲ ಹಾಳೆ ಅದೇ.